ಗಂಟೆ ಲೆಕ್ಕವೋ, ಗೊತ್ತುಪಡಿಸಿದ ಸಂಬಳವೋ: ಅಮೆರಿಕದಲ್ಲಿ ನರ್ಸುಗಳ ಓವರ್‌ಟೈಮ್

(ಮಂಗಳೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಓಡಿಸಿದ್ದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಎನ್‌ಕ್ಲೆಕ್ಸ್ ಬರೆಯುವ, ಅಂದರೆ ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬೇಕಾದ ಪರೀಕ್ಷೆ ಬರೆಯುವ ಯೋಚನೆ ಯಾರಿಗೆಲ್ಲ ಇದೆ ಅಂತ ಕೇಳಿದೆ. ಬಹಳ ಕೈಗಳು ಮೇಲೆದ್ದವು. ಅಲ್ಲಿ ಗಂಟೆಗೆ ಎಷ್ಟು ಡಾಲರ್ ಅಂತ ಕೇಳಿದೆ. ನಾಲ್ಕಾರು ಕಡೆಯಿಂದ ಉತ್ತರ ಬಂತು. ವಾರಕ್ಕೆ 40 ಗಂಟೆ ದಾಟಿದ ಮೇಲೆ ಎಷ್ಟು ಅಂತ ಕೇಳಿದರೆ ಮಾತ್ರ ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದೀರಿ. ಇವತ್ತಿನ ಮಾತು ಅದರ ಬಗ್ಗೆಯೇ.

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ಅಲ್ಲಿನ ಆಸ್ಪತ್ರೆಗಳ ಸಂಬಳದ ಲೆಕ್ಕ ನೋಡುವ ಕೆಲಸದಲ್ಲಿದ್ದವನು. ಅಲ್ಲಿ ಪ್ರತಿ ನೌಕರರ ಹೆಸರಿನ ಮುಂದೆ ಎಕ್ಸೆಂಪ್ಟ್ ಅಥವಾ ನಾನ್‌-ಎಕ್ಸೆಂಪ್ಟ್ ಅಂತ ಒಂದು ಗುರುತು ಇರುತ್ತದೆ. ಎಕ್ಸೆಂಪ್ಟ್ ಅಂದರೆ ಓವರ್‌ಟೈಮ್ ಮತ್ತು ಕನಿಷ್ಠ ವೇತನದ ಕಾನೂನಿನಿಂದ ಹೊರಗಿಟ್ಟವರು. ನಾನ್‌-ಎಕ್ಸೆಂಪ್ಟ್ ಅಂದರೆ ಕಾನೂನಿನ ಒಳಗಿರುವವರು. ಕೇಳುವುದಕ್ಕೆ ಎಕ್ಸೆಂಪ್ಟ್ ಅನ್ನುವುದು ದೊಡ್ಡ ಹುದ್ದೆಯ ಹಾಗೆ ಕಾಣುತ್ತದೆ. ವಾರ್ಡಿನಲ್ಲಿ ನಿಂತು ಕೆಲಸ ಮಾಡುವ ನರ್ಸಿಗೆ ಸಾಮಾನ್ಯವಾಗಿ ಅದರಿಂದ ನಷ್ಟವೇ ಜಾಸ್ತಿ. ನಾನು ಇವತ್ತು ಒಪ್ಪಿಸಬೇಕು ಅಂದುಕೊಂಡಿರುವುದು ಇದೊಂದನ್ನೇ.

ಒಂದು ವಿಚಿತ್ರ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ನರ್ಸುಗಳಿದ್ದಾರೆ ಅಂದುಕೊಳ್ಳಿ. ಒಬ್ಬರು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್. ಇನ್ನೊಬ್ಬರು ಎಲ್‌ಪಿಎನ್, ಅಂದರೆ ಸುಮಾರು ಒಂದು ವರ್ಷದ ತರಬೇತಿ ಪಡೆದ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಇಬ್ಬರೂ ಒಂದೇ ವಾರ 52 ಗಂಟೆ ದುಡಿದರು. ಎಲ್‌ಪಿಎನ್‌ಗೆ ಕೊನೆಯ 12 ಗಂಟೆಗೆ ಒಂದೂವರೆ ಪಟ್ಟು ಕೂಲಿ ಕೊಡಲೇಬೇಕು. ಅವರಿಗೆ 20 ವರ್ಷದ ಅನುಭವ ಇರಲಿ, ಎಷ್ಟೇ ಜಾಣರಿರಲಿ, ಅವರನ್ನು ಪ್ರೊಫೆಷನಲ್ ಅನ್ನುವ ಗುಂಪಿನಲ್ಲಿ ಸೇರಿಸಿ ಎಕ್ಸೆಂಪ್ಟ್ ಮಾಡಲು ಬರುವುದಿಲ್ಲ. ಜಾಸ್ತಿ ಓದಿದ ಆರ್‌ಎನ್‌ಗೆ ಮಾತ್ರ, ಆಸ್ಪತ್ರೆ ಮನಸ್ಸು ಮಾಡಿದರೆ, ಆ 12 ಗಂಟೆಗೆ ಒಂದು ಸೆಂಟ್ ಕೂಡ ಹೆಚ್ಚಿಗೆ ಕೊಡದೆ ಕಳಿಸಬಹುದು. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ.

ಯಾಕೆ ಹೀಗೆ? 1938ಕ್ಕೆ ಹೋಗಬೇಕು. ಆರ್ಥಿಕ ಕುಸಿತದ ಕಾಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರು. ಕಾರ್ಮಿಕ ಮಂತ್ರಿ ಫ್ರಾನ್ಸಿಸ್ ಪರ್ಕಿನ್ಸ್, ಅಮೆರಿಕದ ಮಂತ್ರಿಮಂಡಲ ಸೇರಿದ ಮೊದಲ ಹೆಂಗಸು. ಆಗ ಬಂದದ್ದು ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್. ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ, ವಾರಕ್ಕೆ ಇಷ್ಟು ಗಂಟೆ ದಾಟಿದರೆ ಒಂದೂವರೆ ಪಟ್ಟು. ಆ ಮಿತಿ ಮೊದಲು 44 ಗಂಟೆ ಇತ್ತು, 1940ಕ್ಕೆ 40ಕ್ಕೆ ಇಳಿಯಿತು. ಇವತ್ತಿಗೂ 40ರಲ್ಲೇ ಇದೆ.

ಒಂದೂವರೆ ಪಟ್ಟಿನ ಉದ್ದೇಶ ದುಡಿದವನಿಗೆ ಹಣ ಕೊಡಿಸುವುದಷ್ಟೇ ಆಗಿರಲಿಲ್ಲ. ಒಬ್ಬನಿಂದಲೇ 60 ಗಂಟೆ ದುಡಿಸುವುದು ಮಾಲೀಕನಿಗೆ ದುಬಾರಿಯಾಗಬೇಕು, ಆಗ ಇನ್ನೊಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ ಅನ್ನುವ ಯೋಚನೆ ಇತ್ತು. ವಾರ್ಡಿನಲ್ಲಿ ಜನ ಕಡಿಮೆ ಅಂತ ಗೊಣಗುವವರು ಈ ಮಾತನ್ನು ಗಮನದಲ್ಲಿಡಬೇಕು. ಓವರ್‌ಟೈಮ್ ಕೊಡಬೇಕಾದ ಆಸ್ಪತ್ರೆಗೆ ಹೊಸ ನರ್ಸನ್ನು ನೇಮಿಸಲು ಒಂದು ಕಾರಣ ಇರುತ್ತದೆ. ಕೊಡಬೇಕಿಲ್ಲದ ಆಸ್ಪತ್ರೆಗೆ ಆ ಕಾರಣವೂ ಇರುವುದಿಲ್ಲ.

ಅದೇ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ಬಿಟ್ಟರು. ಆಡಳಿತ ನಡೆಸುವವರು, ಮೇಲಧಿಕಾರಿಗಳು, ಪ್ರೊಫೆಷನಲ್‌ಗಳು ಇದರ ಹೊರಗೆ ಅಂತ. ಅವರಿಗೆ ಸಂಬಳ ಚೆನ್ನಾಗಿರುತ್ತದೆ, ಕೆಲಸದ ಮೇಲೆ ಹಿಡಿತ ಇರುತ್ತದೆ, ಅವರ ಕೆಲಸವನ್ನು ಗಂಟೆಯಲ್ಲಿ ಅಳೆಯುವುದು ಕಷ್ಟ ಅನ್ನುವ ವಾದ. ವಕೀಲರು, ಎಂಜಿನಿಯರುಗಳ ವಿಷಯದಲ್ಲಿ ಇದು ಒಂದಷ್ಟು ಸರಿ ಅನ್ನಬಹುದು. ನರ್ಸಿನ ವಿಷಯದಲ್ಲಿ ನನಗೆ ಇದು ಯಾವತ್ತೂ ಸರಿ ಅನ್ನಿಸಿಲ್ಲ. ಬೆಳಿಗ್ಗೆ 7ಕ್ಕೆ ಡ್ಯೂಟಿ, ಸಂಜೆ 7ಕ್ಕೆ ಹ್ಯಾಂಡೋವರ್, ಇಂತಿಷ್ಟು ರೋಗಿಗಳು, ಇಂತಿಷ್ಟು ಹೊತ್ತಿಗೆ ಔಷಧಿ. ಇಷ್ಟು ಗಡಿಯಾರಕ್ಕೆ ಕಟ್ಟಿಹಾಕಿದ ಕೆಲಸ ಇನ್ನೊಂದಿದೆಯಾ? ಅದನ್ನು ಗಂಟೆಯಲ್ಲಿ ಅಳೆಯಲು ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ!

ಇನ್ನೊಂದು ವಿಷಯ. ಬಹುತೇಕ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳು 1966ರ ತಿದ್ದುಪಡಿ ಬರುವ ತನಕ ಈ ಕಾನೂನಿನ ಒಳಗೇ ಇರಲಿಲ್ಲ. ಕಾನೂನು ಬಂದು 28 ವರ್ಷ ಆದಮೇಲೆ ಆಯಾಗಳಿಗೆ, ನರ್ಸುಗಳಿಗೆ ಅದರ ನೆರಳು ಸಿಕ್ಕಿತು.

ಈಗ ಕಾನೂನು ಆರ್‌ಎನ್ ಬಗ್ಗೆ ನಿಜವಾಗಿ ಏನು ಹೇಳುತ್ತದೆ ನೋಡೋಣ. ಒಬ್ಬರನ್ನು ಪ್ರೊಫೆಷನಲ್ ಅಂತ ಹೊರಗಿಡಬೇಕಾದರೆ ಮೂರು ಪರೀಕ್ಷೆ ಪಾಸಾಗಬೇಕು. ಮಾಡುವ ಕೆಲಸ ಎಂಥದ್ದು? ಸಂಬಳ ಕೊಡುವ ರೀತಿ ಯಾವುದು? ಸಂಬಳ ಎಷ್ಟು? ಮೂರೂ ಒಟ್ಟಿಗೆ ಪಾಸಾಗಬೇಕು. ಒಂದು ಫೇಲ್ ಆದರೂ ನೀವು ಕಾನೂನಿನ ಒಳಗೆ.

ಮೊದಲನೆಯದು ಆರ್‌ಎನ್‌ಗೆ ಸುಲಭವಾಗಿ ಪಾಸಾಗುತ್ತದೆ. ರಾಜ್ಯದ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿ ಇದ್ದರೆ ಸಾಮಾನ್ಯವಾಗಿ ಸಾಕು. ಡಿಪ್ಲೊಮಾ ಓದಿದ್ದೀರಾ, ಬಿ.ಎಸ್ಸಿ. ಓದಿದ್ದೀರಾ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. 2004ರಲ್ಲಿ ಜಾರ್ಜ್ ಬುಷ್ ಸರ್ಕಾರ ನಿಯಮಗಳನ್ನೆಲ್ಲ ಹೊಸದಾಗಿ ಬರೆದಾಗ ದೊಡ್ಡ ಗಲಾಟೆ ಆಗಿತ್ತು. ಎಲ್‌ಪಿಎನ್‌ಗಳನ್ನೂ ಹೊರಗಿಡುತ್ತಾರೆ ಅನ್ನುವ ಭಯ ಎದ್ದಿತ್ತು. ಕೊನೆಗೆ ಹೊರಬಂದ ನಿಯಮದಲ್ಲಿ ಆರ್‌ಎನ್ ಪ್ರೊಫೆಷನಲ್ ಅಂತ ಬರೆದು, ಪಕ್ಕದಲ್ಲೇ ಎಲ್‌ಪಿಎನ್ ಅಲ್ಲ ಅಂತಲೂ ಬರೆದರು. ಆ ಸಾಲು ಇವತ್ತಿಗೂ ಹಾಗೇ ಇದೆ.

ಮೂರನೆಯದನ್ನು ಈಗಲೇ ಮುಗಿಸಿಬಿಡೋಣ. ಸಂಬಳ ವಾರಕ್ಕೆ ಕನಿಷ್ಠ 684 ಡಾಲರ್ ಇರಬೇಕು. ವರ್ಷಕ್ಕೆ 35,568. ಅಮೆರಿಕದಲ್ಲಿ ಆರ್‌ಎನ್‌ಗೆ ಇದು ಏನೂ ಅಲ್ಲ. ಈ ಮೊತ್ತವನ್ನು ಏರಿಸಲು ಎರಡು ಸಲ ಪ್ರಯತ್ನ ಆಯಿತು. ಒಬಾಮಾ ಕಾಲದಲ್ಲಿ 913 ಮಾಡಲು ಹೊರಟರು, 2016ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಫೆಡರಲ್, ಅಂದರೆ ಕೇಂದ್ರ ಮಟ್ಟದ, ನ್ಯಾಯಾಧೀಶರೊಬ್ಬರು ತಡೆದರು. ಬೈಡನ್ ಕಾಲದಲ್ಲಿ 2024ರ ಜುಲೈಯಿಂದ 844 ಆಯಿತು. 2025ರ ಜನವರಿಗೆ 1,128 ಆಗಬೇಕಿತ್ತು. 2024ರ ನವೆಂಬರ್ 15ರಂದು ಮತ್ತೆ ಟೆಕ್ಸಾಸ್‌ನ ಕೋರ್ಟೇ ಇಡೀ ನಿಯಮವನ್ನು ರದ್ದು ಮಾಡಿತು. ಹಾಗಾಗಿ ವಾಪಸ್ 2020ರ 684ಕ್ಕೆ ಬಂದು ನಿಂತಿದೆ. ಕೆಲವು ರಾಜ್ಯಗಳು ತಮ್ಮದೇ ಮಿತಿ ಇಟ್ಟುಕೊಂಡಿವೆ, ಅದು ಇದಕ್ಕಿಂತ ಜಾಸ್ತಿ ಇರುತ್ತದೆ.

ಎಕ್ಸೆಂಪ್ಟ್ ಆದವರಿಗೆ ಫೆಡರಲ್ ಕನಿಷ್ಠ ವೇತನವೂ ಅನ್ವಯಿಸುವುದಿಲ್ಲ. ಆ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. 684ನ್ನು 7.25ರಿಂದ ಭಾಗಿಸಿ. 94 ಚಿಲ್ಲರೆ ಬರುತ್ತದೆ. ಅಂದರೆ ವಾರಕ್ಕೆ 94 ಗಂಟೆಗಿಂತ ಜಾಸ್ತಿ ದುಡಿದರೆ ಮಾತ್ರ ಗಂಟೆಯ ಕೂಲಿ ಆ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ನರ್ಸಿಗೆ ಹಾಗೆ ಆಗುವುದಿಲ್ಲ ಬಿಡಿ. ಆಸ್ಪತ್ರೆಯಲ್ಲಿ ಈ ವಿನಾಯಿತಿಯ ಬಿಸಿ ನಿಜವಾಗಿ ತಟ್ಟುವುದು ರೆಸಿಡೆಂಟ್ ಡಾಕ್ಟರುಗಳಿಗೆ, ಅಂದರೆ ಇನ್ನೂ ತರಬೇತಿಯಲ್ಲಿರುವವರಿಗೆ. ಡಾಕ್ಟರಿಗೆ 684ರ ಪರೀಕ್ಷೆಯೂ ಇಲ್ಲ, ಸಂಬಳದ ರೀತಿಯ ಪರೀಕ್ಷೆಯೂ ಇಲ್ಲ. ವಕೀಲರಿಗೂ, ಶಿಕ್ಷಕರಿಗೂ ಇಲ್ಲ. ಎಷ್ಟು ಕೊಟ್ಟರೂ, ಹೇಗೆ ಕೊಟ್ಟರೂ ಅವರು ಹೊರಗೇ.

ನಿಮಗೆ ಮುಖ್ಯವಾದದ್ದು ಎರಡನೆಯ ಪರೀಕ್ಷೆ. ಸಂಬಳ ಕೊಡುವ ರೀತಿ.

ಗೊತ್ತುಪಡಿಸಿದ ಸಂಬಳ ಅಂದರೆ, ವಾರದಲ್ಲಿ ಸ್ವಲ್ಪ ಕೆಲಸ ಮಾಡಿದರೂ ಆ ವಾರದ ಪೂರ್ತಿ ಮೊತ್ತ ಬರಬೇಕು. ಗಂಟೆ ಕಡಿಮೆ ಆಯಿತು ಅಂತ ಕತ್ತರಿಸುವ ಹಾಗಿಲ್ಲ. ಗಂಟೆಗೆ ಇಷ್ಟು ಅಂತ ಕೂಲಿ ಕೊಟ್ಟರೆ ಅದು ಗೊತ್ತುಪಡಿಸಿದ ಸಂಬಳ ಆಗುವುದಿಲ್ಲ. ಆಗ ಪರೀಕ್ಷೆ ಫೇಲ್, ಓವರ್‌ಟೈಮ್ ಕೊಡಲೇಬೇಕು. ನೀವು ಆರ್‌ಎನ್ ಇರಬಹುದು, ಡಾಕ್ಟರೇಟ್ ಇರಬಹುದು, ಗಂಟೆಗೆ 90 ಡಾಲರ್ ಇರಬಹುದು. ಲೆಕ್ಕಕ್ಕಿಲ್ಲ.

ಇದು ಎಷ್ಟು ಗಟ್ಟಿ ನಿಯಮ ಅಂತ ತೋರಿಸಲು ಸಮುದ್ರದ ನಡುವಿನ ಒಂದು ತೈಲ ರಿಗ್‌ಗೆ ಹೋಗೋಣ. ಅಲ್ಲಿ ಒಬ್ಬ ಮೇಲ್ವಿಚಾರಕ ವರ್ಷಕ್ಕೆ 2 ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುತ್ತಿದ್ದ. ಅವನ ಕೈಕೆಳಗೆ ಜನ ಇದ್ದರು. ಕಂಪನಿ ಇವನು ಎಕ್ಸೆಂಪ್ಟ್ ಅಂತ ಹೇಳಿತು. ಆದರೆ ಅವನಿಗೆ ಕೊಡುತ್ತಿದ್ದದ್ದು ದಿನಗೂಲಿ, ಎಷ್ಟು ದಿನ ಕೆಲಸವೋ ಅಷ್ಟು ದುಡ್ಡು. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2023ರಲ್ಲಿ 6-3 ಬಹುಮತದ ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್. ದಿನದ ಲೆಕ್ಕದಲ್ಲಿ ಕೊಡುವುದು ಗೊತ್ತುಪಡಿಸಿದ ಸಂಬಳ ಅಲ್ಲ, ಅವನಿಗೆ ಓವರ್‌ಟೈಮ್ ಸಲ್ಲಬೇಕು. ಎರಡು ಲಕ್ಷದವನಿಗೇ ಹೀಗಿರುವಾಗ ಗಂಟೆ ಲೆಕ್ಕದ ನರ್ಸಿನ ಬಗ್ಗೆ ಅನುಮಾನವೇ ಬೇಡ.

ನಮ್ಮ ಕ್ಷೇತ್ರದ್ದೇ ಉದಾಹರಣೆ ಬೇಕು ಅಂದರೆ 2006ರ ಇನ್ನೊಂದು ತೀರ್ಪು ಇದೆ. ತುರ್ತು ವಿಭಾಗಗಳಿಗೆ ಸಿಬ್ಬಂದಿ ಒದಗಿಸುವ ಕಂಪನಿ, ಹೆಚ್ಚಿನ ಓದು ಮುಗಿಸಿ ರೋಗಿಗಳನ್ನು ತಾವೇ ಪರೀಕ್ಷಿಸಿ ಔಷಧಿ ಬರೆಯುವ ನರ್ಸ್ ಪ್ರಾಕ್ಟಿಷನರ್‌ಗಳಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತಿತ್ತು. ಇವರೂ ಡಾಕ್ಟರುಗಳ ಹಾಗೆಯೇ, ಅವರಿಗೆ ಸಂಬಳದ ಪರೀಕ್ಷೆ ಇಲ್ಲ, ಇವರಿಗೂ ಇಲ್ಲ ಅಂತ ವಾದ ಮಾಡಿತು. ಫೆಡರಲ್ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಚಿಕಿತ್ಸೆಯ ಕ್ಷೇತ್ರದಲ್ಲಿ ಆ ರಿಯಾಯಿತಿ ಡಾಕ್ಟರುಗಳಿಗೆ ಮಾತ್ರ ಅಂದಿತು. ಮನೆ ಮನೆಗೆ ಹೋಗಿ ನೋಡುವ ಹೋಮ್ ಹೆಲ್ತ್ ನರ್ಸುಗಳದ್ದು ಇನ್ನೂ ಸೂಕ್ಷ್ಮ. ಒಂದು ಭೇಟಿಗೆ ಇಷ್ಟು ಅಂತ ಮಾತ್ರ ಕೊಟ್ಟರೆ ಅದು ಸಂಬಳಕ್ಕೆ ಸಮ ಅಂತ 2000ದಲ್ಲಿ ಓಹಾಯೋದ ಪ್ರಕರಣವೊಂದರಲ್ಲಿ ತೀರ್ಪಾಯಿತು. ಎರಡು ವರ್ಷದ ಮೇಲೆ ಅದೇ ಕೋರ್ಟ್ ಮುಂದೆ ಇನ್ನೊಬ್ಬ ನರ್ಸ್ ಬಂದರು. ಅವರಿಗೆ ಭೇಟಿಗೆ ಇಷ್ಟು, ಮೀಟಿಂಗ್ ಮತ್ತು ತರಬೇತಿಗೆ ಗಂಟೆಗೆ ಇಷ್ಟು ಅಂತ ಎರಡೂ ಬೆರೆಸಿ ಕೊಡುತ್ತಿದ್ದರು. ಬೆರೆಸಿದ್ದಕ್ಕೇ ಏಜೆನ್ಸಿ ಸೋತಿತು.

ಸರಿ, ಹಣದ ಲೆಕ್ಕಕ್ಕೆ ಬರೋಣ. ಪೆನ್ನು ತೆಗೆಯಿರಿ.

ಗಂಟೆಗೆ 40 ಡಾಲರ್ ಅಂದುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ವಾರಕ್ಕೆ 12 ಗಂಟೆಯ ಮೂರು ಶಿಫ್ಟ್. ಒಟ್ಟು 36 ಗಂಟೆ. ಯಾರೋ ರಜೆ ಹಾಕಿದರು, ನಾಲ್ಕನೇ ಶಿಫ್ಟ್ ಬನ್ನಿ ಅಂದರು. ಈಗ 48 ಗಂಟೆ. 40 ಗಂಟೆಗೆ 1,600 ಡಾಲರ್. ಉಳಿದ 8 ಗಂಟೆಗೆ 60ರಂತೆ 480. ಒಟ್ಟು 2,080.

ಅದೇ ನರ್ಸಿಗೆ ವಾರಕ್ಕೆ 1,600 ಅಂತ ಗೊತ್ತುಪಡಿಸಿದ್ದರೆ? ನಾಲ್ಕನೇ ಶಿಫ್ಟಿಗೆ ಕಾನೂನಿನ ಪ್ರಕಾರ ಏನೂ ಇಲ್ಲ. 48 ಗಂಟೆಗೆ 1,600 ಅಂದರೆ ಗಂಟೆಗೆ 33 ಡಾಲರ್ ಚಿಲ್ಲರೆ. ಐದನೇ ಶಿಫ್ಟ್ ಸೇರಿ 60 ಗಂಟೆಯಾದರೆ 26 ಚಿಲ್ಲರೆಗೆ ಇಳಿಯಿತು. ದುಡಿದಷ್ಟೂ ಗಂಟೆಯ ಬೆಲೆ ಕಡಿಮೆಯಾಗುತ್ತಾ ಹೋಗುತ್ತದೆ.

ಇನ್ನೊಂದು ಹೆಜ್ಜೆ ಇದೆ. ಬಹಳ ಪೇ ಸ್ಲಿಪ್‌ಗಳಲ್ಲಿ ತಪ್ಪು ಆಗುವುದು ಇಲ್ಲೇ. ನೈಟ್ ಡ್ಯೂಟಿಗೆ ಗಂಟೆಗೆ 5 ಡಾಲರ್ ಜಾಸ್ತಿ ಕೊಡುತ್ತಾರೆ ಅಂದುಕೊಳ್ಳಿ. ಆ ವಾರ ಪೂರ್ತಿ ನೈಟ್. ಆಗ ಒಂದೂವರೆ ಪಟ್ಟು ಲೆಕ್ಕ ಹಾಕಬೇಕಾದದ್ದು 40ರ ಮೇಲೆ ಅಲ್ಲ, 45ರ ಮೇಲೆ. 60 ಅಲ್ಲ, 67.50. ಎಂಟು ಗಂಟೆಗೆ 540. ಮೊದಲೇ ಮಾತು ಕೊಟ್ಟ ಬೋನಸ್ ಕೂಡ ಈ ದರದೊಳಗೆ ಸೇರಬೇಕು. ಟ್ರಾವೆಲ್ ನರ್ಸ್ ಆಗಿ, ಅಂದರೆ ಏಜೆನ್ಸಿ ಮೂಲಕ ಊರೂರಿಗೆ ಸ್ವಲ್ಪ ಕಾಲದ ಕೆಲಸಕ್ಕೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಗಂಟೆಯ ದರ ಕಡಿಮೆ ತೋರಿಸಿ, ಊಟ ವಸತಿಯ ಭತ್ಯೆ ಅಂತ ಜಾಸ್ತಿ ಕೊಡುವುದು ವಾಡಿಕೆ. ಓವರ್‌ಟೈಮ್ ಆ ಕಡಿಮೆ ದರದ ಮೇಲೆ! 2021ರಲ್ಲಿ ಕ್ಯಾಲಿಫೋರ್ನಿಯಾ ಭಾಗದ ಫೆಡರಲ್ ಮೇಲ್ಮನವಿ ಕೋರ್ಟ್ ಒಂದು ದೊಡ್ಡ ಏಜೆನ್ಸಿಯ ವಿರುದ್ಧ ತೀರ್ಪು ಕೊಟ್ಟಿತು. ಶಿಫ್ಟ್ ತಪ್ಪಿಸಿದರೆ ಭತ್ಯೆ ಕಡಿಮೆ ಮಾಡುತ್ತೀರಿ, ಹಾಗಾದರೆ ಅದು ಕೂಲಿಯೇ, ಓವರ್‌ಟೈಮ್ ದರಕ್ಕೆ ಸೇರಿಸಿ ಅಂತ.

ಈಗ ಆಸ್ಪತ್ರೆ, ನರ್ಸಿಂಗ್ ಹೋಮ್‌ನಂಥ ಕಡೆ ಮಾತ್ರ ಇರುವ ಒಂದು ವಿಶೇಷ ವ್ಯವಸ್ಥೆ. 8/80 ಅಂತ ಕರೆಯುತ್ತಾರೆ. ವಾರದ ಬದಲು 14 ದಿನವನ್ನು ಒಟ್ಟಿಗೆ ನೋಡುತ್ತಾರೆ. ದಿನಕ್ಕೆ 8 ಗಂಟೆ ದಾಟಿದರೆ, ಅಥವಾ 14 ದಿನದಲ್ಲಿ 80 ಗಂಟೆ ದಾಟಿದರೆ ಓವರ್‌ಟೈಮ್. ಕೆಲಸ ಶುರುವಾಗುವ ಮೊದಲೇ ನೌಕರರ ಒಪ್ಪಿಗೆ ಇರಬೇಕು. ಇದು ಯಾರಿಗೆ ಲಾಭ? ನೀವು 8 ಗಂಟೆ ಶಿಫ್ಟಿನವರು, ಮೊದಲ ವಾರ 6 ದಿನ, ಎರಡನೇ ವಾರ 4 ದಿನ ಮಾಡಿದಿರಿ. ಮಾಮೂಲಿ ಲೆಕ್ಕದಲ್ಲಿ ಮೊದಲ ವಾರಕ್ಕೆ 8 ಗಂಟೆ ಓವರ್‌ಟೈಮ್ ಸಿಗುತ್ತಿತ್ತು. 8/80ರಲ್ಲಿ ಏನೂ ಇಲ್ಲ. ಆದರೆ 12 ಗಂಟೆ ಶಿಫ್ಟಿನವರಿಗೆ 8/80 ಹಾಕಿದರೆ ಪ್ರತಿ ಶಿಫ್ಟಿಗೂ 4 ಗಂಟೆ ಓವರ್‌ಟೈಮ್ ಕೊಡಬೇಕಾಗುತ್ತದೆ. ಹಾಗಾಗಿ ಆಸ್ಪತ್ರೆಗಳು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಅಲ್ವಾ? ಆಫರ್ ಲೆಟರಿನಲ್ಲಿ 8/80 ಅಂತ ಕಂಡರೆ ನಿಮ್ಮ ಶಿಫ್ಟ್ ಎಷ್ಟು ಗಂಟೆಯದ್ದು ಅಂತ ತಕ್ಷಣ ನೋಡಿ.

ಹಾಗಾದರೆ ಗೊತ್ತುಪಡಿಸಿದ ಸಂಬಳದಲ್ಲಿ ಒಳ್ಳೆಯದೇ ಇಲ್ವಾ ಅಂದರೆ, ಇದೆ. ಅಲ್ಲಿ ಲೋ ಸೆನ್ಸಸ್ ಅಂತ ಒಂದು ಮಾತು. ವಾರ್ಡಿನಲ್ಲಿ ರೋಗಿಗಳು ಕಡಿಮೆ ಇದ್ದರೆ ಮಧ್ಯಾಹ್ನವೇ ಮನೆಗೆ ಹೋಗಿ ಅನ್ನುತ್ತಾರೆ. ಗಂಟೆ ಲೆಕ್ಕದವರಿಗೆ ಉಳಿದ ಗಂಟೆಯ ಕೂಲಿ ಹೋಯಿತು. ಸಂಬಳದವರಿಗೆ ಕೆಲಸ ಇಲ್ಲ ಅನ್ನುವ ಕಾರಣಕ್ಕೆ ಕತ್ತರಿಸುವ ಹಾಗಿಲ್ಲ. ಪದೇ ಪದೇ ಕತ್ತರಿಸಿದರೆ ಆ ಎಕ್ಸೆಂಪ್ಟ್ ಅನ್ನುವ ಗುರುತೇ ಬಿದ್ದುಹೋಗಬಹುದು, ಆಮೇಲೆ ಓವರ್‌ಟೈಮ್ ಬಾಕಿ ಕೊಡಬೇಕಾಗಬಹುದು. ಆದ್ದರಿಂದಲೇ ಬಹುಪಾಲು ಆಸ್ಪತ್ರೆಗಳು ವಾರ್ಡಿನ ನರ್ಸುಗಳನ್ನು ಗಂಟೆ ಲೆಕ್ಕದಲ್ಲೇ ಇಟ್ಟುಕೊಳ್ಳುತ್ತವೆ. ನರ್ಸುಗಳ ಮೇಲಿನ ಪ್ರೀತಿಯಿಂದ ಅಲ್ಲ. ರೋಗಿಗಳು ಕಡಿಮೆಯಾದಾಗ ಮನೆಗೆ ಕಳಿಸುವ ಅನುಕೂಲ ಬೇಕು ಅಂತ.

ಗಂಟೆ ಲೆಕ್ಕದಲ್ಲಿದ್ದೀರಿ ಅಂದಮೇಲೆ ಗಂಟೆ ಸರಿಯಾಗಿ ದಾಖಲಾಗಬೇಕು. ಎರಡು ಕಡೆ ಸೋರಿಕೆ ಆಗುತ್ತದೆ. ಒಂದು ಊಟದ ಹೊತ್ತು. ಸಾಫ್ಟ್‌ವೇರ್ ತಾನಾಗಿಯೇ ದಿನಕ್ಕೆ 30 ನಿಮಿಷ ಕಳೆಯುತ್ತದೆ. ನೀವು ಪೂರ್ತಿ ಬಿಡುವಾಗಿದ್ದರೆ ಮಾತ್ರ ಅದು ಸರಿ. ತುತ್ತು ಬಾಯಿಗಿಡುವಾಗ ಮಾನಿಟರ್ ಕೂಗಿತು, ಎದ್ದು ಓಡಿದಿರಿ ಅಂದರೆ ಅದು ಕೆಲಸದ ಹೊತ್ತು. ಆದರೆ ನೀವು ಅದನ್ನು ಬರೆದುಕೊಡಬೇಕು. ಮೆಂಫಿಸ್‌ನ ತುರ್ತು ವಿಭಾಗದ ನರ್ಸೊಬ್ಬರ ಪ್ರಕರಣದಲ್ಲಿ 2012ರಲ್ಲಿ ಮೇಲ್ಮನವಿ ಕೋರ್ಟ್ ಆಸ್ಪತ್ರೆಯ ಪರವಾಗಿ ತೀರ್ಪು ಕೊಟ್ಟಿತು. ಊಟ ತಪ್ಪಿದ್ದನ್ನು ಬರೆಯಲು ಆಸ್ಪತ್ರೆ ಒಂದು ಪುಸ್ತಕ ಇಟ್ಟಿತ್ತು, ಅವರು ಅದನ್ನು ಬಳಸುವುದನ್ನೇ ಬಿಟ್ಟಿದ್ದರು. ಎರಡನೆಯದು ಪಂಚ್ ಔಟ್ ಮಾಡಿ, ಅಂದರೆ ಡ್ಯೂಟಿ ಮುಗಿಯಿತು ಅಂತ ದಾಖಲಿಸಿ, ಆಮೇಲೆ ಕೂತು ಮುಗಿಸುವ ಚಾರ್ಟಿಂಗ್, ರೋಗಿಗಳ ದಾಖಲೆ ಬರೆಯುವ ಕೆಲಸ. ನಮ್ಮವರಿಗೆ ಇದು ಅಭ್ಯಾಸ. ಪಾಪ, ಇನ್‌ಚಾರ್ಜ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ನೆ ಮಾಡಿಬಿಡುತ್ತೇವೆ. ಮೊದಲೇ ಅನುಮತಿ ಇಲ್ಲದಿದ್ದರೂ, ನೀವು ಕೆಲಸ ಮಾಡುತ್ತಿರುವುದು ಆಸ್ಪತ್ರೆಗೆ ಗೊತ್ತಿದ್ದರೆ ಅದಕ್ಕೆ ಕೂಲಿ ಕೊಡಬೇಕು. ಅನುಮತಿ ಇಲ್ಲದೆ ಮಾಡಿದ್ದಕ್ಕೆ ಬೈಯಬಹುದು, ಕೂಲಿ ತಪ್ಪಿಸುವ ಹಾಗಿಲ್ಲ.

2025ರಲ್ಲಿ ಎರಡು ಹೊಸ ವಿಷಯ ಬಂದವು. ಜುಲೈಯಲ್ಲಿ ಟ್ರಂಪ್ ಸಹಿ ಹಾಕಿದ ತೆರಿಗೆ ಕಾನೂನಿನಲ್ಲಿ ಓವರ್‌ಟೈಮ್‌ಗೆ ವಿನಾಯಿತಿ ಇದೆ. 2025ರಿಂದ 2028ರ ತನಕ, ಒಬ್ಬರಿಗೆ ವರ್ಷಕ್ಕೆ 12,500 ಡಾಲರ್ ತನಕ. ಒಂದೂವರೆ ಪಟ್ಟಿನಲ್ಲಿ ಆ ಅರ್ಧ ಪಟ್ಟಿಗೆ ಮಾತ್ರ. ಅದೂ ಈ 1938ರ ಕಾನೂನಿನ ಪ್ರಕಾರ ಕೊಡಲೇಬೇಕಾದ ಓವರ್‌ಟೈಮ್‌ಗೆ ಮಾತ್ರ. ಎಕ್ಸೆಂಪ್ಟ್ ನರ್ಸಿಗೆ ಆಸ್ಪತ್ರೆ ತಾನಾಗಿ ಏನಾದರೂ ಹೆಚ್ಚಿಗೆ ಕೊಟ್ಟರೆ ಅದಕ್ಕೆ ಈ ಲಾಭ ಇಲ್ಲ.

ಇನ್ನೊಂದು ಕೇಳಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಅದೇ ವರ್ಷದ ಕೊನೆಗೆ ಶಿಕ್ಷಣ ಇಲಾಖೆ ವಿದ್ಯಾರ್ಥಿ ಸಾಲದ ಹೊಸ ನಿಯಮಕ್ಕೆ ಕರಡು ಸಿದ್ಧಪಡಿಸಿತು. ಯಾವ ಓದನ್ನು ಪ್ರೊಫೆಷನಲ್ ಡಿಗ್ರಿ ಅನ್ನಬೇಕು, ಅವರಿಗೆ ಜಾಸ್ತಿ ಸಾಲ ಕೊಡಬೇಕು ಅನ್ನುವ ಪಟ್ಟಿ. ಡಾಕ್ಟರುಗಳು, ವಕೀಲರು ಇದ್ದರು. ನರ್ಸಿಂಗ್ ಇರಲಿಲ್ಲ. ನರ್ಸುಗಳ ಸಂಘಗಳು ಸರಿಯಾಗಿಯೇ ಜಗಳ ತೆಗೆದವು. ಓವರ್‌ಟೈಮ್ ಕೇಳಿದರೆ ನೀವು ಪ್ರೊಫೆಷನಲ್, ಸಾಲ ಕೇಳಿದರೆ ಅಲ್ಲ!

ರಾಜ್ಯಗಳ ವಿಷಯ ಸ್ವಲ್ಪ ಹೇಳುತ್ತೇನೆ. ಫೆಡರಲ್ ಕಾನೂನು ಅಂದರೆ ನೆಲಮಟ್ಟ, ಅದಕ್ಕಿಂತ ಮೇಲೆ ರಾಜ್ಯಗಳು ಕಟ್ಟಬಹುದು. ಕ್ಯಾಲಿಫೋರ್ನಿಯಾ ಚೆನ್ನಾಗಿ ಕಟ್ಟಿದೆ. ಅಲ್ಲಿನ ಕಾನೂನಿನಲ್ಲಿ ಆರ್‌ಎನ್‌ಗಳನ್ನು ಪ್ರೊಫೆಷನಲ್ ಅನ್ನುವ ಕಾರಣಕ್ಕೆ ಹೊರಗಿಡುವ ಹಾಗೇ ಇಲ್ಲ. ಮ್ಯಾನೇಜರ್ ಆಗಿದ್ದರೆ ಬೇರೆ ಮಾತು. ಅಲ್ಲಿ ದಿನಕ್ಕೆ 8 ಗಂಟೆ ದಾಟಿದರೂ ಓವರ್‌ಟೈಮ್, 12 ದಾಟಿದರೆ ಎರಡು ಪಟ್ಟು. 8 ದಾಟಿದ ಮೇಲಿನ ಓವರ್‌ಟೈಮ್ ಇಲ್ಲದೆ 12 ಗಂಟೆ ಶಿಫ್ಟ್ ಇಡಬೇಕಾದರೆ ಆ ವಿಭಾಗದ ನೌಕರರು ಗುಟ್ಟಿನ ಮತದಾನ ಮಾಡಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಟೆಕ್ಸಾಸ್‌ನಂಥ ಕಡೆ ಆಸ್ಪತ್ರೆಗಳಿಗೆ ಫೆಡರಲ್ ಲೆಕ್ಕವೇ ಲೆಕ್ಕ.

ನಮ್ಮ ಕಡೆ ಹೇಗೆ ಅಂತ ಕೇಳುತ್ತೀರಿ, ಗೊತ್ತು. ಇಲ್ಲಿ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಕನಿಷ್ಠ ವೇತನ ಎಲ್ಲ ನೌಕರರಿಗೆ, ಓವರ್‌ಟೈಮ್ ಎರಡು ಪಟ್ಟು ಅಂತ ಅದರಲ್ಲಿದೆ. ಕಾಗದದ ಮೇಲೆ ಅಮೆರಿಕಕ್ಕಿಂತ ಚೆನ್ನಾಗಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಆದ ಸಮಿತಿ, 200 ಹಾಸಿಗೆಗಿಂತ ದೊಡ್ಡ ಖಾಸಗಿ ಆಸ್ಪತ್ರೆಯ ನರ್ಸಿಗೆ ಸರ್ಕಾರಿ ನರ್ಸಿನಷ್ಟೇ ಸಂಬಳ, 50 ಹಾಸಿಗೆಗಿಂತ ಚಿಕ್ಕದಿದ್ದರೂ 20,000 ರೂಪಾಯಿಗೆ ಕಡಿಮೆ ಇಲ್ಲ ಅಂತ ಶಿಫಾರಸು ಮಾಡಿತು. ನಿಮ್ಮ ಸೀನಿಯರ್‌ಗಳಿಗೆ ಎಷ್ಟು ಬರುತ್ತಿದೆ ಅಂತ ನಿಮಗೇ ಗೊತ್ತು. ನಾನು ಹೇಳಬೇಕಾಗಿಲ್ಲ.

ಕೇಳಿದ ಪ್ರಶ್ನೆಗಳು

*ಸರ್, ಎರಡು ವರ್ಷ ಆದಮೇಲೆ ಚಾರ್ಜ್ ನರ್ಸ್ ಮಾಡುತ್ತೇವೆ, ಸಂಬಳ ಫಿಕ್ಸ್ ಅಂದರೆ ಒಪ್ಪಬಹುದಾ?*

ಚಾರ್ಜ್ ನರ್ಸ್ ಅಂದರೆ ಶಿಫ್ಟಿನ ಉಸ್ತುವಾರಿ ನೋಡುವವರು. ಈಗ ವರ್ಷಕ್ಕೆ ಎಷ್ಟು ಓವರ್‌ಟೈಮ್ ಬರುತ್ತಿದೆ ಅಂತ ಮೊದಲು ಕೂಡಿಸಿ ನೋಡಿ. ಹೊಸ ಸಂಬಳ ಅದನ್ನೂ ಸೇರಿಸಿ ಮೀರುತ್ತಿದ್ದರೆ ಯೋಚನೆ ಮಾಡಿ. ಬರೀ ಹುದ್ದೆಯ ಹೆಸರು ಬದಲಾಗಿ, ಮೊದಲಿನ ಕೆಲಸವೂ ಇದ್ದು, ರೋಸ್ಟರ್ ತುಂಬಿಸುವ ತಲೆನೋವು ಹೊಸದಾಗಿ ಬರುವುದಾದರೆ ನಾನಾಗಿದ್ದರೆ ಬೇಡ ಅನ್ನುತ್ತಿದ್ದೆ. ಯಾರೂ ಬಾರದ ರಾತ್ರಿ ಆ ಶಿಫ್ಟಿಗೆ ನಿಲ್ಲುವವರು ನೀವೇ ಆಗಿರುತ್ತೀರಿ, ಆಸ್ಪತ್ರೆಗೆ ನೀವು ಪುಕ್ಕಟೆ.

*ಓವರ್‌ಟೈಮ್ ಮಾಡುವುದಿಲ್ಲ ಅನ್ನಬಹುದಾ?*

ಫೆಡರಲ್ ಕಾನೂನಿನಲ್ಲಿ ದೊಡ್ಡವರಿಗೆ ಗಂಟೆಯ ಮಿತಿ ಇಲ್ಲ. ಎಷ್ಟು ಬೇಕಾದರೂ ದುಡಿಸಿ, ದುಡ್ಡು ಕೊಡಿ ಅಷ್ಟೇ. ಆದರೆ ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಪೆನ್ಸಿಲ್ವೇನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ನರ್ಸುಗಳಿಗೆ ಕಡ್ಡಾಯ ಓವರ್‌ಟೈಮ್ ಹೇರಬಾರದು ಅಂತ ಬೇರೆ ಕಾನೂನುಗಳಿವೆ. ವಿಪತ್ತಿನಂಥ ಸಂದರ್ಭಕ್ಕೆ ರಿಯಾಯಿತಿ ಇರುತ್ತದೆ. ಯಾವ ರಾಜ್ಯಕ್ಕೆ ಹೋಗುತ್ತಿದ್ದೀರಿ ಅನ್ನುವುದು ಇಲ್ಲಿ ಮುಖ್ಯ.

*ವೀಸಾ ಮೇಲೆ ಹೋದವರು ಬಾಕಿ ಕೇಳಿದರೆ ವಾಪಸ್ ಕಳಿಸುವುದಿಲ್ವಾ?*

ಈ ಕಾನೂನು ವೀಸಾ ನೋಡುವುದಿಲ್ಲ. ಕೇಳಿದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಅಪರಾಧ. ಹಿಂದಿನ ಎರಡು ವರ್ಷದ ಬಾಕಿ ಕೇಳಬಹುದು, ಬೇಕೆಂದೇ ಮೋಸ ಮಾಡಿದ್ದರೆ ಮೂರು ವರ್ಷದ್ದು, ಅದರಷ್ಟೇ ಮೊತ್ತ ಪರಿಹಾರವಾಗಿಯೂ ಸಿಗಬಹುದು. ಓವರ್‌ಟೈಮ್ ಬೇಡ ಅಂತ ನೀವು ಸಹಿ ಹಾಕಿದ್ದರೂ ಆ ಸಹಿ ನಡೆಯುವುದಿಲ್ಲ. ಭಯ ಇರುವುದು ಬೇರೆ ಕಡೆ. ಮೂರು ವರ್ಷ ಮುಗಿಯದೆ ಬಿಟ್ಟರೆ ಇಷ್ಟು ಸಾವಿರ ಡಾಲರ್ ಕಟ್ಟಬೇಕು ಅನ್ನುವ ಕರಾರುಗಳಿಂದ ಜನ ಬಾಯಿ ಮುಚ್ಚಿಕೊಂಡಿರುತ್ತಾರೆ. 2019ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್, ಫಿಲಿಪ್ಪೀನ್ಸ್‌ನಿಂದ ಬಂದ ನರ್ಸುಗಳ ಇಂಥದ್ದೇ 25,000 ಡಾಲರ್ ಕರಾರನ್ನು ಅಸಿಂಧು ಅಂದಿತು. ಅದು ಮಾನವ ಸಾಗಣೆ ತಡೆ ಕಾನೂನನ್ನೇ ಮುರಿದಂತೆ ಅಂದಿತು. ಇಲ್ಲಿ ಸಹಿ ಹಾಕುವ ಮೊದಲು ಆ ಪುಟ ಓದಿ.

*ನನ್ನ ಆಫರ್ ಲೆಟರಿನಲ್ಲಿ ವರ್ಷಕ್ಕೆ 83,200 ಡಾಲರ್ ಅಂತ ಮಾತ್ರ ಇದೆ. ಹಾಗಾದರೆ ಎಕ್ಸೆಂಪ್ಟಾ?*

ಅದರಿಂದ ಗೊತ್ತಾಗುವುದಿಲ್ಲ. ವರ್ಷಕ್ಕೆ 2,080 ಗಂಟೆ, ಅಂದರೆ 52 ವಾರಕ್ಕೆ 40ರಂತೆ. 83,200ನ್ನು 2,080ರಿಂದ ಭಾಗಿಸಿ, ಸರಿಯಾಗಿ 40 ಬರುತ್ತದೆ. ಬಹುಶಃ ಗಂಟೆಯ ದರವನ್ನೇ ವರ್ಷಕ್ಕೆ ಗುಣಿಸಿ ಬರೆದಿದ್ದಾರೆ. ಆದರೆ ನಿಮ್ಮ ಶಿಫ್ಟ್ ವಾರಕ್ಕೆ 36 ಗಂಟೆಯಾದರೆ ವರ್ಷಕ್ಕೆ 1,872 ಗಂಟೆ, ಕೈಗೆ ಬರುವುದು 74,880. ಹಾಗಾಗಿ ಇಮೇಲ್‌ನಲ್ಲಿ ಮೂರು ವಿಷಯ ಕೇಳಿ: ಇದು ಗಂಟೆ ಲೆಕ್ಕವಾ ಗೊತ್ತುಪಡಿಸಿದ ಸಂಬಳವಾ, ವಾರಕ್ಕೆ ಎಷ್ಟು ಗಂಟೆ ಖಾತ್ರಿ, ಓವರ್‌ಟೈಮ್ ಲೆಕ್ಕ 40 ಗಂಟೆಯದ್ದಾ 8/80 ಆ. ಏಜೆಂಟರನ್ನು ಕೇಳಬೇಡಿ, ಆಸ್ಪತ್ರೆಯ ಎಚ್‌ಆರ್ ಅವರನ್ನೇ ಕೇಳಿ. ಉತ್ತರ ಬಂದ ಮೇಲೆ ಸಹಿ ಹಾಕಿ.